ಗಾಲಿ ಮೇಲಿನ ಮನೆ ಎಲ್ಲಿ ನಿಲ್ಲಬೇಕು?

ಅಮೆರಿಕದಲ್ಲಿರುವ ಮಕ್ಕಳ ಜೊತೆ ಕ್ಯಾಂಪರ್ ಟ್ರೈಲರ್ ಕಟ್ಟಿಕೊಂಡು ಸರೋವರಕ್ಕೆ ಹೊರಟಿದ್ದೀರಾ? ದೋಣಿ ಯಾವುದು ಅನ್ನೋದನ್ನು ಮಕ್ಕಳು ನೋಡಿಕೊಳ್ಳಲಿ. ಟ್ರೈಲರ್ ನಿಲ್ಲುವ ಜಾಗವನ್ನು ಮಾತ್ರ ನೀವೇ ಕೇಳಿ, ನೋಡಿ, ಆರಿಸಿ.

ಮಗನೋ ಮಗಳೋ ಅಮೆರಿಕದಲ್ಲಿದ್ದರೆ ಬೇಸಿಗೆಯ ಫೋನ್ ಮಾತುಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತೇ ಇದೆ. ‘ಅಮ್ಮ, ಈ ಸಲ ನೀವು ಬಂದಾಗ ಹೋಟೆಲ್ ಎಲ್ಲಾ ಬೇಡ. ಟ್ರೈಲರ್ ಬಾಡಿಗೆಗೆ ತಗೊಂಡು ಲೇಕ್‌ಗೆ ಹೋಗೋಣ. ಮೂರು ದಿನ ಬರೀ ಬೋಟಿಂಗು!’ ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ಮಂಚ, ಒಲೆ, ಫ್ರಿಜ್ಜು, ಪುಟ್ಟ ಬಚ್ಚಲು ಎಲ್ಲವೂ ಇರುವ ಗಾಲಿ ಮನೆಯನ್ನು ದೊಡ್ಡ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವುದು. ನೀರಿನ ಬಳಿ ನಿಲ್ಲಿಸಿಕೊಂಡು ಅಲ್ಲೇ ಸಂಸಾರ ಹೂಡುವುದು. ಹೋಟೆಲಿನ ಬ್ರೆಡ್ಡು, ಸ್ಯಾಂಡ್‌ವಿಚ್ಚಿನ ಕಾಟ ಇಲ್ಲ. ಅನ್ನ, ಸಾರು ಕೈಯಳತೆಯಲ್ಲೇ ಸಿಗುತ್ತದೆ.

ಆದರೆ ಇದರಲ್ಲಿ ಒಂದು ಗುಟ್ಟಿದೆ. ಬೆಳಿಗ್ಗೆ ಎಲ್ಲರೂ ದೋಣಿ ಹತ್ತಿದ ಮೇಲೆ ಟ್ರೈಲರಿನಲ್ಲಿ ಉಳಿಯುವವರು ಯಾರು? ಮಂಡಿನೋವಿನ ಅತ್ತೆ, ಮಲಗಿರುವ ಮಗು, ಮಧ್ಯಾಹ್ನದ ಅಡುಗೆ... ಇವುಗಳ ಜೊತೆಗೆ ಮನೆಯ ಹೆಂಗಸೊಬ್ಬಳು! ‘ನೀವು ಆರಾಮಾಗಿರಿ, ನಾವು ಒಂದು ರೌಂಡ್ ಹೋಗಿ ಬರ್ತೀವಿ’ ಅಂತ ಹೊರಟವರು ಮೂರು ಗಂಟೆಯಾದರೂ ಬರುವುದಿಲ್ಲ. ಆ ಮೂರು ಗಂಟೆ ನಿಮಗೆ ನಿಜವಾಗಿ ಆರಾಮವೋ ಅಥವಾ ಬಿಸಿಲಲ್ಲಿ ಬೇಯುವ ಇನ್ನೊಂದು ಅಡುಗೆಮನೆಯೋ ಅನ್ನುವುದು ಟ್ರೈಲರ್ ಎಲ್ಲಿ ನಿಂತಿದೆ ಅನ್ನುವುದರ ಮೇಲಿದೆ. ಅದಕ್ಕೇ ಜಾಗ ಆರಿಸುವಾಗ ದೋಣಿಯಲ್ಲಿ ಹೋಗುವವರನ್ನಷ್ಟೇ ಅಲ್ಲ, ದಡದಲ್ಲಿ ಉಳಿಯುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನೀರಿನ ಅಂಚೇ ಬೇಕೆಂಬ ಹಟ ಬೇಡ

‘ಕಿಟಕಿ ತೆಗೆದರೆ ನೀರು ಕಾಣಬೇಕು’. ಮಕ್ಕಳ ಮೊದಲ ಆಸೆ ಇದೇ. ನೋಡುವುದಕ್ಕೆ ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅಮೆರಿಕದಲ್ಲಿ ‘ಲೇಕ್’ ಅಂತ ಕರೆಯುವ ಎಷ್ಟೋ ಜಾಗಗಳು ನಿಜಕ್ಕೂ ಅಣೆಕಟ್ಟಿನ ಹಿನ್ನೀರು. ನಮ್ಮ ಕೆಆರ್‌ಎಸ್, ಲಿಂಗನಮಕ್ಕಿ ಹಿನ್ನೀರಿನ ಹಾಗೇ ಅಲ್ಲೂ ನೀರು ಏರುತ್ತದೆ, ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ಶಾಸ್ತಾ, ಟೆಕ್ಸಾಸ್ ಗಡಿಯ ಟೆಕ್ಸೋಮ, ಅಟ್ಲಾಂಟಾ ಹತ್ತಿರದ ಲೇನಿಯರ್ ಎಲ್ಲವೂ ಇಂಥವೇ.

ಅರಿಜೋನಾ ಮತ್ತು ಯೂಟಾ ರಾಜ್ಯಗಳ ಗಡಿಯಲ್ಲಿರುವ ಲೇಕ್ ಪೊವೆಲ್ ಕಥೆ ಕೇಳಿ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ 1963ರಲ್ಲಿ ನೀರು ನಿಲ್ಲತೊಡಗಿದ ಈ ಸರೋವರ ಬೋಟಿಂಗಿಗೆ ಹೆಸರುವಾಸಿ. ವರ್ಷಗಟ್ಟಲೆ ಬರದಿಂದಾಗಿ 2023ರ ಫೆಬ್ರುವರಿಯಲ್ಲಿ ನೀರು ತುಂಬಿದ ಮಟ್ಟಕ್ಕಿಂತ ಸುಮಾರು 180 ಅಡಿ ಕೆಳಗಿತ್ತು. ಅದಕ್ಕೂ ಮೊದಲೇ, 2021 ಮತ್ತು 2022ರಲ್ಲಿ, ದೋಣಿ ಇಳಿಸುವ ಹಲವು ಇಳಿಜಾರು ದಾರಿಗಳನ್ನು ನೀರು ಸಾಲದೆ ಮುಚ್ಚಬೇಕಾಯಿತು. ಆಮೇಲೆ 2023ರ ಬೇಸಿಗೆಯ ಹೊತ್ತಿಗೆ ಬೆಟ್ಟದ ಹಿಮ ಕರಗಿ ಅದೇ ನೀರು 60 ಅಡಿಗೂ ಹೆಚ್ಚು ಏರಿತು! ಹೀಗಿರುವಾಗ ಹೋದ ವರ್ಷ ಗೆಳತಿ ಕಳಿಸಿದ ಫೋಟೋ ನೋಡಿ ‘ಅದೇ ಜಾಗ ಬೇಕು’ ಅಂದರೆ ಆದೀತೇ?

ಅಲ್ಲೇ ಲೋನ್ ರಾಕ್ ಬೀಚ್ ಅಂತ ಒಂದು ಜಾಗವಿದೆ. ಟ್ರೈಲರನ್ನು ಮರಳಿನ ಮೇಲೇ ಓಡಿಸಿಕೊಂಡು ನೀರಿನ ಹತ್ತಿರ ಹೋಗಬಹುದು. ಗುರುತು ಹಾಕಿದ ಸೈಟುಗಳಿಲ್ಲ, ಕರೆಂಟು ನಲ್ಲಿಗಳಿಲ್ಲ. ಮೇಲುನೋಟಕ್ಕೆ ಗಟ್ಟಿಯಾಗಿ ಕಾಣುವ ಮರಳಿನಲ್ಲಿ ಗಾಲಿ ಹೂತುಕೊಂಡು ಒದ್ದಾಡುವ ಗಾಡಿಗಳು ಅಲ್ಲಿ ಹೊಸದೇನಲ್ಲ. ಅನುಭವ ಇರುವ ಹುಡುಗರ ಗುಂಪಿಗೆ ಅದು ಸರಿ. ಅಜ್ಜಿ, ಮೊಮ್ಮಕ್ಕಳು ಇರುವ ಸಂಸಾರಕ್ಕೆ ಹತ್ತಿರದ ವಾವೀಪ್ ಕ್ಯಾಂಪ್‌ಗ್ರೌಂಡಿನಂತಹ, ಎತ್ತರದಲ್ಲಿರುವ, ಸೈಟು ಗುರುತು ಮಾಡಿರುವ ಜಾಗವೇ ವಾಸಿ. ನೀರು ಅಲ್ಲಿಂದಲೂ ಕಾಣುತ್ತದೆ!

ಇನ್ನೊಂದು ಮಾತು. ಬಯಲುಸೀಮೆಯಂಥ ಒಣ ಪ್ರದೇಶದಲ್ಲಿ ಬತ್ತಿದ ಹಳ್ಳದ ಪಾತ್ರದಲ್ಲಿ ಯಾವತ್ತೂ ಟ್ರೈಲರ್ ನಿಲ್ಲಿಸಬೇಡಿ. ನಿಮ್ಮ ತಲೆ ಮೇಲೆ ಮೋಡವಿಲ್ಲದಿದ್ದರೂ ದೂರದ ಗುಡ್ಡದಲ್ಲಿ ಬಿದ್ದ ಮಳೆ ಹಠಾತ್ತನೆ ಹಳ್ಳದಲ್ಲಿ ನುಗ್ಗಿ ಬರುತ್ತದೆ.

ಬುಕ್ ಮಾಡುವ ಮುಂಚೆ ನಕ್ಷೆ ನೋಡಿ

ಅಲ್ಲಿ ಸರ್ಕಾರಿ ಕ್ಯಾಂಪ್‌ಗ್ರೌಂಡುಗಳೇ ಬಹಳ. ರಾಷ್ಟ್ರೀಯ ಉದ್ಯಾನ ಇಲಾಖೆ, ಅರಣ್ಯ ಇಲಾಖೆ, ಆಯಾ ರಾಜ್ಯದ ಪಾರ್ಕುಗಳು, ಜೊತೆಗೆ ಅಣೆಕಟ್ಟುಗಳನ್ನು ನೋಡಿಕೊಳ್ಳುವ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್. ಈ ಕೋರ್ ಒಂದೇ 43 ರಾಜ್ಯಗಳಲ್ಲಿ 400ಕ್ಕೂ ಹೆಚ್ಚು ಸರೋವರ ಮತ್ತು ನದಿ ಯೋಜನೆಗಳನ್ನು ನೋಡಿಕೊಳ್ಳುತ್ತದೆ. ಟೆಕ್ಸೋಮ, ಲೇನಿಯರ್ ಎರಡೂ ಇವರದೇ. ಕೇಂದ್ರ ಸರ್ಕಾರದ ಜಾಗಗಳಿಗೆ ರಿಕ್ರಿಯೇಷನ್ ಡಾಟ್ ಗವ್ ಎಂಬ ತಾಣದಲ್ಲಿ ಬುಕಿಂಗ್ ನಡೆಯುತ್ತದೆ. ಬಹಳ ಜಾಗಗಳಲ್ಲಿ ಆರು ತಿಂಗಳ ಮುಂಚೆಯೇ ಬುಕಿಂಗ್ ತೆರೆಯುತ್ತದೆ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ, ಜುಲೈ 4, ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ... ಈ ಮೂರು ರಜೆಗಳಿಗೆ ನಮ್ಮ ದಸರಾ ರಜೆಯ ರೈಲು ಟಿಕೆಟ್ಟಿನ ಗತಿಯೇ! ನಿಮ್ಮ ಪ್ರಯಾಣದ ದಿನ ಗೊತ್ತಾದ ಕೂಡಲೇ ಮಕ್ಕಳಿಗೆ ನೆನಪಿಸಿ. ಸಾಧ್ಯವಿದ್ದರೆ ಶನಿವಾರ ಭಾನುವಾರ ಬಿಟ್ಟು ವಾರದ ನಡುವಿನ ದಿನಗಳನ್ನು ಆರಿಸಿ.

ಪ್ರತಿ ಸೈಟಿನ ವಿವರವೂ ಅಲ್ಲಿರುತ್ತದೆ. ಗಾಡಿ ನಿಲ್ಲಿಸುವ ಜಾಗದ ಉದ್ದ, ನೆರಳು, ಕರೆಂಟು, ನಲ್ಲಿ ಎಲ್ಲಾ. ಮಗ ಕಂಪ್ಯೂಟರ್ ಮುಂದೆ ಕೂತಾಗ ನೀವೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರಿ. ಹೊಸಬರು ಟ್ರೈಲರ್ ಓಡಿಸುವುದಾದರೆ ‘ಪುಲ್ ಥ್ರೂ’ ಸೈಟು ಕೇಳಿ. ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಬರಬಹುದು. ರಿವರ್ಸ್ ತೆಗೆಯುವ ಪರದಾಟವೂ ಇಲ್ಲ, ‘ಬಲಕ್ಕೆ ಅಂದ್ರೆ ನಿನ್ನ ಬಲಕ್ಕೋ ನನ್ನ ಬಲಕ್ಕೋ’ ಅಂತ ಗಂಡ ಹೆಂಡಿರ ಜಗಳವೂ ಇಲ್ಲ! ಟ್ರೈಲರನ್ನು ಮಾಲೀಕರೇ ತಂದು ಸೈಟಿನಲ್ಲಿ ನಿಲ್ಲಿಸಿಕೊಡುವ ಬಾಡಿಗೆ ವ್ಯವಸ್ಥೆಯೂ ಇದೆ. ಆಗ ನೀವು ಮಾಮೂಲಿ ಕಾರಿನಲ್ಲೇ ಹೋಗಬಹುದು.

ಅಂದಹಾಗೆ, ಓಡುವ ಟ್ರೈಲರ್ ಒಳಗೆ ಮಲಗಿಕೊಂಡು ಹೋಗಬಹುದು ಅಂತ ಅಂದುಕೊಂಡಿದ್ದರೆ ಮರೆತುಬಿಡಿ. ಅದು ಅಪಾಯ, ಅನೇಕ ರಾಜ್ಯಗಳಲ್ಲಿ ಕಾನೂನೂ ಒಪ್ಪುವುದಿಲ್ಲ.

ಕರೆಂಟು, ನೀರು, ಬಚ್ಚಲು

ಸೈಟುಗಳಲ್ಲಿ ಮೂರು ಬಗೆ. ಕರೆಂಟು, ನೀರು, ಕೊಳಚೆ ಪೈಪು ಮೂರೂ ಇರುವುದು ‘ಫುಲ್ ಹುಕಪ್’. ಕರೆಂಟು ಮತ್ತು ನೀರು ಮಾತ್ರ ಇರುವುದು ಇನ್ನೊಂದು. ಏನೂ ಇಲ್ಲದ್ದು ಮೂರನೆಯದು. ಮನೆ ನಡೆಸುವವರ ಕಣ್ಣಿನಿಂದ ನೋಡಿದರೆ ಕನಿಷ್ಠ ಎರಡನೆಯದು ಬೇಕೇ ಬೇಕು.

ಯಾಕೆ ಅಂತೀರಾ? ಮಧ್ಯಮ ಗಾತ್ರದ ಟ್ರೈಲರಿನ ನೀರಿನ ಟ್ಯಾಂಕು ಸಾಮಾನ್ಯವಾಗಿ 30ರಿಂದ 40 ಗ್ಯಾಲನ್, ಅಂದರೆ 110ರಿಂದ 150 ಲೀಟರ್. ಐದಾರು ಜನರ ಸ್ನಾನ, ಪಾತ್ರೆ, ಅಕ್ಕಿ ತೊಳೆಯುವುದು ಅಂದರೆ ಒಂದೇ ದಿನಕ್ಕೆ ಖಾಲಿ. ತೊಳೆದ ನೀರು ತುಂಬುವ ಟ್ಯಾಂಕೂ ಅಷ್ಟೇ ಬೇಗ ತುಂಬುತ್ತದೆ. ಅದನ್ನು ಮರದ ಬುಡಕ್ಕೆ ಚೆಲ್ಲುವಂತಿಲ್ಲ. ‘ಡಂಪ್ ಸ್ಟೇಷನ್’ ಎಂಬ ಜಾಗಕ್ಕೇ ಟ್ರೈಲರ್ ಒಯ್ದು ಖಾಲಿ ಮಾಡಬೇಕು. ಆ ಡಂಪ್ ಸ್ಟೇಷನ್ ಕ್ಯಾಂಪ್‌ಗ್ರೌಂಡಿನಲ್ಲೇ ಇದೆಯಾ ಅಂತ ಕೇಳಿ. ಇದ್ದರೂ ಅದರ ಪಕ್ಕದ ಸೈಟು ಮಾತ್ರ ಬೇಡ. ಗಾಳಿ ಬೀಸಿದಾಗ ಗೊತ್ತಾಗುತ್ತದೆ!

ಇನ್ನು ಕರೆಂಟು. ಹೆಚ್ಚಿನ ಟ್ರೈಲರುಗಳಿಗೆ 30 ಆಂಪಿಯರ್ ಸಂಪರ್ಕ. ಅಲ್ಲಿನ 120 ವೋಲ್ಟಿನ ಲೆಕ್ಕದಲ್ಲಿ ಒಟ್ಟು 3,600 ವಾಟ್ ಅಷ್ಟೇ. ಏಸಿಗೇ ಸುಮಾರು 1,500 ವಾಟ್, ಇಂಡಕ್ಷನ್ ಒಲೆಗೆ 1,800. ಇವೆರಡೂ ಓಡುವಾಗ ಮೈಕ್ರೋವೇವ್ ಒತ್ತಿದರೆ ಟ್ರಿಪ್ ಆಗಿ ಎಲ್ಲವೂ ಕತ್ತಲು. ಊರಿಂದ ಒಯ್ದ 230 ವೋಲ್ಟಿನ ಮಿಕ್ಸಿ ಅಲ್ಲಿ ನೇರವಾಗಿ ಹಾಕಿದರೆ ಸರಿಯಾಗಿ ತಿರುಗುವುದಿಲ್ಲ. ಚಟ್ನಿ ಪುಡಿ, ಸಾರಿನ ಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ, ಮೊದಲ ದಿನಕ್ಕೆ ಪುಳಿಯೋಗರೆ ಮನೆಯಲ್ಲೇ ಸಿದ್ಧ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಒಳಗೆ ಗ್ಯಾಸ್ ಒಲೆ ಹಚ್ಚುವಾಗ ಕಿಟಕಿ ತೆರೆದು ಫ್ಯಾನ್ ಹಾಕುವುದನ್ನು ಮರೆಯಬೇಡಿ. ಅಷ್ಟು ಸಣ್ಣ ಜಾಗದಲ್ಲಿ ಹೊಗೆಯೂ ಬೇಗ ತುಂಬುತ್ತದೆ, ಕುಕ್ಕರಿನ ಹಬೆಯೂ ಬೇಗ ತುಂಬುತ್ತದೆ.

ಬಾಗಿಲು ಯಾವ ದಿಕ್ಕಿಗೆ?

ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಅಮೆರಿಕದ ಟ್ರೈಲರುಗಳಲ್ಲಿ ಬಾಗಿಲು ಮತ್ತು ನೆರಳಿಗೆ ಬಿಚ್ಚುವ ಚಪ್ಪರ ಎರಡೂ ಸಾಮಾನ್ಯವಾಗಿ ಗಾಡಿಯ ಬಲಗಡೆ ಇರುತ್ತವೆ. ಕುರ್ಚಿ ಹಾಕಿ ಕೂರುವುದು, ಅಕ್ಕಿ ಆರಿಸುವುದು, ಮಗುವನ್ನು ಆಡಿಸುವುದು ಎಲ್ಲಾ ಆ ಚಪ್ಪರದ ಕೆಳಗೇ. ಅದು ಪಶ್ಚಿಮಕ್ಕಿದ್ದರೆ ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವವರೆಗೂ ಬಿಸಿಲು ನೇರ ಮುಖಕ್ಕೆ. ಲೇಕ್ ಪೊವೆಲ್ ಕಡೆ ಜುಲೈನಲ್ಲಿ 35 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಕತ್ತಲಾಗುವುದೂ ತಡ. ಟ್ರೈಲರಿನ ಮೂತಿ ಉತ್ತರಕ್ಕಿದ್ದರೆ ಬಾಗಿಲು ಪೂರ್ವಕ್ಕೆ ಬರುತ್ತದೆ. ಬೆಳಗಿನ ಎಳೆ ಬಿಸಿಲು ಸಿಗುತ್ತದೆ, ಮಧ್ಯಾಹ್ನ ಗಾಡಿಯ ನೆರಳೇ ಚಪ್ಪರದ ಮೇಲೆ ಬೀಳುತ್ತದೆ. ವಾಸ್ತು ನಂಬುವ ಅತ್ತೆಗೂ ಸಮಾಧಾನ! ಹಿಂದಕ್ಕೆ ತೆಗೆದು ನಿಲ್ಲಿಸುವ ಸೈಟಾದರೆ ಟ್ರೈಲರಿನ ಮೂತಿ ರಸ್ತೆಯ ಕಡೆ ಇರುತ್ತದೆ. ಹಾಗಾಗಿ ನಕ್ಷೆಯಲ್ಲಿ ರಸ್ತೆಗೆ ದಕ್ಷಿಣದಲ್ಲಿರುವ ಸೈಟು ಹುಡುಕಿದರೆ ಆಯಿತು.

ಮರದ ನೆರಳು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ತಲೆ ಎತ್ತಿ ನೋಡಿ. ಒಣಗಿದ ಕೊಂಬೆಯ ಕೆಳಗೆ ನಿಲ್ಲಿಸಬೇಡಿ. ಸರೋವರದ ಕಡೆ ಮಧ್ಯಾಹ್ನದ ಮೇಲೆ ಗಾಳಿ ಜೋರಾಗುವುದುಂಟು. ಎಲ್ಲರೂ ಹೊರಗೆ ಹೋಗುವಾಗ ಚಪ್ಪರ ಸುತ್ತಿಟ್ಟೇ ಹೋಗಿ. ನೀರು ನಿಂತ, ಜೊಂಡು ಬೆಳೆದ ಮೂಲೆಯ ಪಕ್ಕದ ಸೈಟಾದರೆ ಸಂಜೆ ಸೊಳ್ಳೆಗಳ ಜೊತೆಗೇ ಊಟ.

ಎಷ್ಟು ಹತ್ತಿರ, ಎಷ್ಟು ದೂರ?

ದೋಣಿ ಇಳಿಸುವ ಇಳಿಜಾರಿನ ಪಕ್ಕದಲ್ಲೇ ಸೈಟು ಸಿಕ್ಕರೆ ಗಂಡಸರಿಗೆ ಖುಷಿ. ಆದರೆ ಮೀನು ಹಿಡಿಯುವವರು ಬೆಳಕು ಹರಿಯುವ ಮುಂಚೆಯೇ ದೋಣಿ ತಂದು ಇಳಿಸುತ್ತಾರೆ. ಗಾಡಿಗಳ ಗಡಗಡ ಸದ್ದು, ಹೊಗೆ, ದೀಪ. ಮಗುವಿಗೂ ನಿದ್ದೆ ಇಲ್ಲ, ನಿಮಗೂ ಇಲ್ಲ. ದೊಡ್ಡ ದೊಡ್ಡ ಗಾಡಿಗಳು ರಿವರ್ಸ್ ಬರುವ ಜಾಗವಾದ್ದರಿಂದ ಮಕ್ಕಳು ಆಡುವುದಕ್ಕೂ ಅಪಾಯ. ಐದು ನಿಮಿಷ ನಡೆಯುವಷ್ಟು ದೂರ ಇದ್ದರೆ ಸಾಕು. ಇಳಿಜಾರಿನ ಬಳಿಯ ಪಾರ್ಕಿಂಗ್ ಜಾಗದಲ್ಲಿ ರಾತ್ರಿ ತಂಗಲು ಸಾಮಾನ್ಯವಾಗಿ ಬಿಡುವುದಿಲ್ಲ ಎಂಬುದೂ ನೆನಪಿರಲಿ.

ಸ್ನಾನಗೃಹ, ಶೌಚಾಲಯದ ಕಟ್ಟಡದ ಲೆಕ್ಕವೇ ಬೇರೆ. ಟ್ರೈಲರಿನ ಬಚ್ಚಲಲ್ಲಿ ವಯಸ್ಸಾದವರು ತಿರುಗುವುದೂ ಕಷ್ಟ. ರಾತ್ರಿ ಎರಡು ಸಲ ಏಳುವ ಹಿರಿಯರಿದ್ದರೆ ಆ ಕಟ್ಟಡ ಮೂರ್ನಾಲ್ಕು ಸೈಟಿನಷ್ಟು ದೂರದಲ್ಲಿರಲಿ, ದಾರಿ ಸಮತಟ್ಟಾಗಿರಲಿ. ತೀರಾ ಎದುರಿಗೇ ಬೇಡ. ರಾತ್ರಿಯಿಡೀ ದೀಪ, ಬಾಗಿಲಿನ ಸದ್ದು. ಗಾಲಿಕುರ್ಚಿ ಬಳಸುವವರಿಗೆಂದೇ ಮೀಸಲಿಟ್ಟ ಸೈಟುಗಳೂ ಇರುತ್ತವೆ, ವಿಚಾರಿಸಿ.

ಪುಟ್ಟ ಮಕ್ಕಳಿದ್ದರೆ ಒಂದೇ ನಿಯಮ ಸಾಕು. ಟ್ರೈಲರ್ ಬಾಗಿಲಿನಿಂದ ನೀರಿಗೆ ನೇರ ದಾರಿ ಇರಬಾರದು. ನೀವು ಒಗ್ಗರಣೆಗೆ ಸಾಸಿವೆ ಹಾಕಿ ತಿರುಗುವಷ್ಟರಲ್ಲಿ ಮಗು ನೀರಿನ ಅಂಚಿನಲ್ಲಿರುತ್ತದೆ. ನಡುವೆ ಒಂದು ಸಾಲು ಸೈಟಾದರೂ ಇರಲಿ. ಜೊತೆಗೆ ದಡದಲ್ಲಿರುವಾಗ ಮಗುವಿನ ಕಾವಲು ಯಾರದು ಅನ್ನುವುದನ್ನು ಹೆಸರು ಹಿಡಿದು ಹೇಳಿ. ‘ಎಲ್ಲರೂ ನೋಡ್ತಾ ಇದ್ದಾರೆ’ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ.

ಕಣ್ಣಿಗೆ ಕಾಣದ ಅಪಾಯ

ಜನರೇಟರ್, ದೋಣಿಯ ಎಂಜಿನ್ ಎರಡರಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಲೇಕ್ ಪೊವೆಲ್‌ನಲ್ಲಿ ಹೌಸ್‌ಬೋಟುಗಳ ಬಳಿ ಇದರಿಂದ ಜೀವಗಳು ಹೋದ ಮೇಲೆ 2000ರಲ್ಲಿ ಅಲ್ಲಿನ ಸರ್ಕಾರಿ ತಜ್ಞರು ತನಿಖೆಯನ್ನೇ ನಡೆಸಿದರು. ಕರೆಂಟು ಇಲ್ಲದ ಸೈಟಿನಲ್ಲಿ ಅಕ್ಕಪಕ್ಕದವರು ಜನರೇಟರ್ ಓಡಿಸುತ್ತಾರೆ. ಅದರ ಹೊಗೆ ನಿಮ್ಮ ಕಿಟಕಿಗೆ ಬರುವಂತಿದ್ದರೆ ಸೈಟು ಬದಲಿಸಿಕೊಡಲು ಕೇಳಿ. ಕರೆಂಟು ಇರುವ ಸೈಟು ಆರಿಸಿ ಅಂದದ್ದಕ್ಕೆ ಇದೂ ಒಂದು ಕಾರಣ. ಟ್ರೈಲರ್ ಒಳಗಿನ ವಿಷಾನಿಲ ಅಲಾರಾಂನ ಗುಂಡಿ ಒತ್ತಿ, ಸದ್ದು ಬರುತ್ತದಾ ನೋಡಿ. ಚಳಿ ಎಂದು ಗ್ಯಾಸ್ ಒಲೆ ಹಚ್ಚಿಟ್ಟು ಮಲಗಬೇಡಿ. ಎಂಜಿನ್ ಓಡುತ್ತಿರುವಾಗ ದೋಣಿಯ ಹಿಂಭಾಗದಲ್ಲಿ ಮಕ್ಕಳನ್ನು ಕೂರಿಸಬೇಡಿ, ಈಜಲು ಬಿಡಬೇಡಿ. ಕರೆಂಟು ಎಳೆದಿರುವ ದೋಣಿಕಟ್ಟೆಯ ಸುತ್ತ ಈಜುವುದೂ ಬೇಡ. ವೈರು ಕೆಟ್ಟಿದ್ದರೆ ನೀರಿನಲ್ಲೇ ಶಾಕ್ ಹೊಡೆಯುತ್ತದೆ.

ಲೈಫ್ ಜಾಕೆಟ್ ವಿಷಯದಲ್ಲಿ ಮಾತ್ರ ಯಾರ ಮುಲಾಜೂ ಬೇಡ. ರಾಜ್ಯದ್ದೇ ಬೇರೆ ನಿಯಮ ಇಲ್ಲದ ಕಡೆ, ಚಲಿಸುವ ದೋಣಿಯ ತೆರೆದ ಭಾಗದಲ್ಲಿರುವ 13 ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟಿರಲೇಬೇಕು ಅನ್ನುತ್ತದೆ ಅಲ್ಲಿನ ಕೇಂದ್ರ ಕಾನೂನು. ನಿಮಗೂ ಒಂದು ಇರಲಿ. ಸೀರೆ, ಚೂಡಿದಾರದ ಮೇಲೂ ತೊಡಬಹುದು. ಆದರೆ ದೋಣಿಗೆ ಚೂಡಿದಾರವೇ ಅನುಕೂಲ.

ಕರಡಿಗೂ ಒಗ್ಗರಣೆ ಇಷ್ಟ!

ಬೇ ಏರಿಯಾದ ನಮ್ಮವರು ಲೇಕ್ ಟಾಹೋಗೆ ಹೋಗುವುದು ಹೆಚ್ಚು. ಅಲ್ಲಿ ಕಪ್ಪು ಕರಡಿಗಳಿವೆ. ವಾಸನೆ ಹಿಡಿದು ಬಂದು ಕಾರಿನ ಬಾಗಿಲನ್ನೇ ತೆರೆಯುವಷ್ಟು ಜಾಣ ಕರಡಿಗಳು. ಅದಕ್ಕೇ ಅಲ್ಲಿ ಪ್ರತಿ ಸೈಟಿಗೂ ಕಬ್ಬಿಣದ ಪೆಟ್ಟಿಗೆ ಇದೆಯಾ ಅಂತ ನೋಡಿ. ತಿಂಡಿ ಮಾತ್ರವಲ್ಲ, ಸೋಪು, ಟೂತ್‌ಪೇಸ್ಟು, ಕಸ ಎಲ್ಲವೂ ಅದರೊಳಗೆ. ಉಳಿದ ಸಾಂಬಾರನ್ನು ‘ಪಾಪ ಯಾವುದಾದರೂ ಪ್ರಾಣಿ ತಿನ್ನಲಿ’ ಅಂತ ಹೊರಗೆ ಇಡಬೇಡಿ. ಕಸದ ದೊಡ್ಡ ಡಬ್ಬಿಗಳ ಪಕ್ಕದ ಸೈಟನ್ನೂ ಇಂಥ ಕಡೆ ಬಿಟ್ಟುಬಿಡಿ.

ಹೋದ ಮೇಲೆ ಹತ್ತು ನಿಮಿಷ

ಸೈಟಿಗೆ ತಲುಪಿದ ಕೂಡಲೇ ಟ್ರೈಲರ್ ಬಿಚ್ಚಲು ಬಿಡಬೇಡಿ. ಮೊದಲು ಎಲ್ಲರೂ ಇಳಿದು ಒಂದು ಸುತ್ತು ಹಾಕಿ. ನೆಲ ಸಮವಾಗಿದೆಯಾ? ಟ್ರೈಲರ್ ಓರೆಯಾಗಿ ನಿಂತರೆ ಮಲಗಿದಾಗ ತಲೆ ಕೆಳಗಾಗುತ್ತದೆ, ಬಾಣಲೆಯ ಎಣ್ಣೆ ಒಂದು ಕಡೆ ಸರಿಯುತ್ತದೆ, ಗ್ಯಾಸಿನಿಂದ ಓಡುವ ಹಳೆ ಮಾದರಿಯ ಫ್ರಿಜ್ಜು ಸರಿಯಾಗಿ ತಂಪು ಮಾಡುವುದೂ ಇಲ್ಲ. ನಲ್ಲಿ, ಕರೆಂಟು ಪೆಟ್ಟಿಗೆ ಕೈಗೆಟಕುತ್ತವಾ? ಬೆಂಕಿ ಹಾಕುವ ಗುಂಡಿ ಕಿಟಕಿಗೆ ತೀರಾ ಹತ್ತಿರವಾ? ಗಾಲಿಗೆ ಅಡ್ಡಗಟ್ಟೆ ಇಟ್ಟಾದ ಮೇಲೇ ಕಾರಿನಿಂದ ಬಿಚ್ಚಲಿ. ಸರಿ ಕಾಣದಿದ್ದರೆ ಕಚೇರಿಗೆ ಹೋಗಿ ಬೇರೆ ಸೈಟು ಖಾಲಿ ಇದೆಯಾ ಕೇಳಿ. ಸಂಕೋಚ ಯಾಕೆ? ಬಿಚ್ಚುವ ಮುಂಚೆ ಬದಲಿಸುವುದು ಹತ್ತು ನಿಮಿಷದ ಕೆಲಸ. ಸಂಸಾರ ಹೂಡಿದ ಮೇಲೆ ಅರ್ಧ ದಿನವೇ ಬೇಕು.

ಇವಿಷ್ಟು ನೆನಪಿರಲಿ

* ಸೈಟಿನ ಉದ್ದಕ್ಕೆ ಟ್ರೈಲರ್ ಮತ್ತು ಕಾರು ಎರಡೂ ಹಿಡಿಸುತ್ತವಾ?
* ಕರೆಂಟು ಎಷ್ಟು ಆಂಪಿಯರ್? ನಲ್ಲಿ ಸೈಟಿನಲ್ಲೇ ಇದೆಯಾ?
* ಈ ವಾರ ನೀರಿನ ಮಟ್ಟ ಹೇಗಿದೆ? ದೋಣಿ ಇಳಿಸುವ ದಾರಿ ತೆರೆದಿದೆಯಾ?
* ನೀರಿನ ಮೇಲೆ ಹಸಿರು ಪಾಚಿಯ ಎಚ್ಚರಿಕೆ ಫಲಕ ಇದೆಯಾ? ಇದ್ದರೆ ಮಕ್ಕಳನ್ನು ಇಳಿಸಬೇಡಿ.
* ಮೊಬೈಲ್ ಸಿಗ್ನಲ್ ಸಿಗುತ್ತದಾ? ಇಲ್ಲದಿದ್ದರೆ ದೋಣಿಯವರು ವಾಪಸು ಬರುವ ಹೊತ್ತನ್ನು ಚೀಟಿಯಲ್ಲಿ ಬರೆದಿಟ್ಟೇ ಹೋಗಲಿ.
* ಸದ್ದು ಮಾಡಬಾರದ ಸಮಯ ಯಾವುದು? ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಅಂತ್ಯಾಕ್ಷರಿ ಅಷ್ಟರೊಳಗೆ ಮುಗಿಸಿ!
* ಸೌದೆಯನ್ನು ಮನೆಯಿಂದ ಒಯ್ಯಬೇಡಿ, ಅಲ್ಲೇ ಕೊಳ್ಳಿ. ಸೌದೆಯ ಜೊತೆ ಮರ ಕೊರೆಯುವ ಹುಳುಗಳೂ ಹೋಗುತ್ತವೆ ಅಂತ ಈ ನಿಯಮ.

ಕೊನೆಯದಾಗಿ ಒಂದು ಮಾತು. ಜಾಗ ಎಷ್ಟೇ ಚೆನ್ನಾಗಿರಲಿ, ಮೂರೂ ದಿನ ದಡದಲ್ಲೇ ಕೂರಬೇಡಿ. ಪಾಂಟೂನ್ ಅಂತ ಒಂದು ದೋಣಿ ಬಾಡಿಗೆಗೆ ಸಿಗುತ್ತದೆ. ಜಗಲಿಯ ಹಾಗೆ ಸಮತಟ್ಟು, ಸುತ್ತ ಕಟಕಟೆ, ಕೂರಲು ಸೋಫಾ, ಮೇಲೆ ನೆರಳು. ಮಂಡಿನೋವಿನ ಅತ್ತೆಯನ್ನೂ ಮೆಲ್ಲಗೆ ಹತ್ತಿಸಬಹುದು. ಒಂದು ದಿನವಾದರೂ ಬುತ್ತಿ ಕಟ್ಟಿಕೊಂಡು, ಟ್ರೈಲರಿಗೆ ಬೀಗ ಹಾಕಿ, ಎಲ್ಲರೂ ಒಟ್ಟಿಗೆ ಹೊರಡಿ. ಇನ್ನೊಂದು ದಿನ ಮಗ, ಅಳಿಯ ದಡದಲ್ಲಿ ಉಳಿದು ಅನ್ನಕ್ಕಿಡಲಿ. ಆಗಷ್ಟೇ ಅವರಿಗೂ ಗೊತ್ತಾದೀತು, ನೆರಳಿರುವ ಸೈಟಿಗೆ ನೀವು ಯಾಕೆ ಅಷ್ಟು ಹಟ ಹಿಡಿದಿರಿ ಅಂತ!